‘ಚೆನ್ನಾಗಿ’ ಅಂದರೆ ‘ವೆಲ್’ ಅಲ್ವಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇಂಗ್ಲಿಷ್ ವ್ಯಾಕರಣದವೇ. ಒಂದೊಂದಾಗಿ ನೋಡೋಣ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವು ಎರಡು ಸಾಲಿನಲ್ಲೇ ಮುಗಿಯುತ್ತವೆ.

ಪ್ರಶ್ನೆ: ಕ್ರಿಯಾಪದದ ಜೊತೆ ‘ಲಿ’ ಸೇರಿದ ಪದ ಬರಬೇಕು ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಅದನ್ನೇ ನಂಬಿ ಪರೀಕ್ಷೆಯಲ್ಲಿ ‘ಶಿ ಲುಕ್ಸ್ ಬ್ಯೂಟಿಫುಲ್ಲಿ’ ಅಂತ ಬರೆದೆ. ಕೆಂಪು ಗೆರೆ ಬಿತ್ತು. ‘ಲುಕ್ಸ್’ ಕ್ರಿಯಾಪದ ತಾನೆ ಸರ್? ತಪ್ಪೇನು?

ಉತ್ತರ: ‘ಲುಕ್ಸ್’ ಕ್ರಿಯಾಪದ ಹೌದು. ಆದರೆ ನೀವು ಕಲಿತ ನಿಯಮ ಎಲ್ಲ ಕ್ರಿಯಾಪದಗಳಿಗೂ ಹೊಂದುವುದಿಲ್ಲ. ಕೆಂಪು ಗೆರೆಯ ಪಕ್ಕದಲ್ಲಿ ಒಂದು ಸಾಲು ಕಾರಣ ಬರೆದಿದ್ದರೆ ನಿಮಗೆ ಇಷ್ಟು ತಲೆಬಿಸಿ ಆಗುತ್ತಿರಲಿಲ್ಲ. ಇರಲಿ, ಆ ಕಾರಣವನ್ನು ಇಲ್ಲಿ ಹೇಳುತ್ತೇನೆ. ಅದು ಸಿಗುವುದು ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ.

‘ಅವಳು ಸುಂದರವಾಗಿ ಹಾಡುತ್ತಾಳೆ’ ಅನ್ನುತ್ತೇವೆ. ‘ಅವಳು ಸುಂದರವಾಗಿ ಕಾಣುತ್ತಾಳೆ’ ಅಂತಲೂ ಅನ್ನುತ್ತೇವೆ. ಎರಡರಲ್ಲೂ ಅದೇ ‘ಆಗಿ’. ಅರ್ಥ ಮಾತ್ರ ಬೇರೆ. ಮೊದಲನೆಯದರಲ್ಲಿ ಸುಂದರವಾಗಿರುವುದು ಹಾಡುವ ರೀತಿ, ಎರಡನೆಯದರಲ್ಲಿ ಸುಂದರವಾಗಿರುವುದು ಅವಳೇ. ಕನ್ನಡ ಈ ಎರಡನ್ನೂ ಒಂದೇ ರೂಪದಲ್ಲಿ ಹೇಳಿ ಮುಗಿಸುತ್ತದೆ. ಇಂಗ್ಲಿಷ್ ಹಾಗಲ್ಲ. ರೀತಿಯ ಬಗ್ಗೆ ಆದರೆ ‘ಶಿ ಸಿಂಗ್ಸ್ ಬ್ಯೂಟಿಫುಲ್ಲಿ’, ವ್ಯಕ್ತಿಯ ಬಗ್ಗೆ ಆದರೆ ‘ಶಿ ಲುಕ್ಸ್ ಬ್ಯೂಟಿಫುಲ್’. ನಿಮ್ಮ ಕಿವಿಯಲ್ಲಿದ್ದ ‘ಸುಂದರವಾಗಿ’ ಅನ್ನುವ ಪದವೇ ‘ಬ್ಯೂಟಿಫುಲ್ಲಿ’ ಬರೆಸಿತು. ಇದು ದಡ್ಡತನ ಅಲ್ಲವೇ ಅಲ್ಲ.

ಹೀಗೆ ಕರ್ತೃವನ್ನೂ ಅದರ ಗುಣವನ್ನೂ ಸೇರಿಸುವ ಕೊಂಡಿಯಂಥ ಕ್ರಿಯಾಪದಕ್ಕೆ ಲಿಂಕಿಂಗ್ ವರ್ಬ್ ಅಂತಾರೆ. ‘ಬಿ’ ಇದರಲ್ಲಿ ಮುಖ್ಯವಾದದ್ದು. ಈಸ್, ಆ್ಯಮ್, ಆರ್, ವಾಸ್, ವರ್ ಎಲ್ಲ ಅದರ ರೂಪಗಳೇ. ಜೊತೆಗೆ ಸೀಮ್, ಬಿಕಮ್, ರಿಮೇನ್, ಮತ್ತೆ ನಮ್ಮ ಇಂದ್ರಿಯಗಳಿಗೆ ಸೇರಿದ ಲುಕ್, ಸೌಂಡ್, ಸ್ಮೆಲ್, ಟೇಸ್ಟ್, ಫೀಲ್.

ಇಂದ್ರಿಯದ ಈ ಐದು ಪದಗಳಿಗೆ ಎರಡು ಕೆಲಸ ಇದೆ, ಗೊಂದಲ ಹುಟ್ಟುವುದು ಅಲ್ಲೇ. ‘ಹಿ ಲುಕ್ಡ್ ಆ್ಯಂಗ್ರಿ’ ಅಂದರೆ ಅವನ ಮುಖದಲ್ಲಿ ಕೋಪ ಕಾಣುತ್ತಿತ್ತು. ‘ಹಿ ಲುಕ್ಡ್ ಆ್ಯಂಗ್ರಿಲಿ ಆ್ಯಟ್ ದಿ ಡೋರ್’ ಅಂದರೆ ಕೋಪದಿಂದ ಬಾಗಿಲ ಕಡೆ ನೋಡಿದ. ಒಂದು ಕಾಣುವುದು, ಇನ್ನೊಂದು ನೋಡುವುದು. ಕನ್ನಡದಲ್ಲಿ ಇದಕ್ಕೆ ಎರಡು ಪದ ಇದೆ, ಇಂಗ್ಲಿಷಿನಲ್ಲಿ ಎರಡಕ್ಕೂ ‘ಲುಕ್’ ಒಂದೇ. ಹಾಗೇ ‘ದಿ ಡಾಗ್ ಸ್ಮೆಲ್ಸ್ ಬ್ಯಾಡ್’ ಅಂದರೆ ನಾಯಿ ನಾರುತ್ತಿದೆ, ‘ದಿ ಡಾಗ್ ಸ್ಮೆಲ್ಸ್ ಬ್ಯಾಡ್ಲಿ’ ಅಂದರೆ ಅದಕ್ಕೆ ವಾಸನೆ ಹಿಡಿಯಲು ಸರಿಯಾಗಿ ಬರುವುದಿಲ್ಲ. ಒಂದು ‘ಲಿ’ಯಿಂದ ಎಷ್ಟು ದೂರದ ಅರ್ಥ ನೋಡಿ.

ಅನುಮಾನ ಬಂದರೆ ಆ ಕ್ರಿಯಾಪದ ತೆಗೆದು ಅಲ್ಲಿ ‘ಈಸ್’ ಇಟ್ಟು ನೋಡಿ. ‘ಶಿ ಈಸ್ ಬ್ಯೂಟಿಫುಲ್’ ಸರಿಹೋಗುತ್ತದೆ, ಹಾಗಾದರೆ ‘ಲಿ’ ಬೇಡ. ‘ಹಿ ಈಸ್ ಆ್ಯಟ್ ದಿ ಡೋರ್’ ಅಂದರೆ ನೋಡುವ ಅರ್ಥವೇ ಹೋಯಿತು, ಹಾಗಾದರೆ ಅಲ್ಲಿರುವುದು ಕೊಂಡಿ ಅಲ್ಲ, ನಿಜವಾದ ಕೆಲಸ.

‘ವೆಲ್’ ವಿಷಯಕ್ಕೂ ಇದೇ ಮಾತು. ‘ಚೆನ್ನಾಗಿ ಬರೆಯುತ್ತಾನೆ’ ಅನ್ನುವುದಕ್ಕೆ ‘ರೈಟ್ಸ್ ವೆಲ್’. ‘ಈ ಯೋಚನೆ ಚೆನ್ನಾಗಿದೆ’ ಅನ್ನುವುದಕ್ಕೆ ‘ದಿಸ್ ಐಡಿಯಾ ಸೌಂಡ್ಸ್ ಗುಡ್’. ಆದರೆ ‘ಐ ಆ್ಯಮ್ ವೆಲ್’ ಹೇಗೆ ಸರಿ ಅಂತ ಕೇಳಬಹುದು. ಅಲ್ಲಿ ‘ವೆಲ್’ ಗುಣವಾಚಕ, ಅರ್ಥ ಆರೋಗ್ಯವಾಗಿದ್ದೇನೆ ಅಂತ. ನಮ್ಮ ‘ಚೆನ್ನಾಗಿದ್ದೇನೆ’ ಇದ್ದ ಹಾಗೆ.

ಪ್ರಶ್ನೆ: ‘ಆಗು’ ಅನ್ನುವುದಕ್ಕೆ ಎಲ್ಲ ಕಡೆ ‘ಬಿಕಮ್’ ಹಾಕಿದರೆ ನಡೆಯುತ್ತದಾ?

ಉತ್ತರ: ಅರ್ಥ ತಲುಪುತ್ತದೆ, ಆದರೆ ಮಾತು ಸಹಜ ಅನ್ನಿಸುವುದಿಲ್ಲ. ಎಲೆ ಹಳದಿಯಾಯಿತು, ಅವನಿಗೆ ವಯಸ್ಸಾಯಿತು, ಹಾಲು ಹುಳಿಯಾಯಿತು, ಕನಸು ನನಸಾಯಿತು. ಕನ್ನಡಕ್ಕೆ ನಾಲ್ಕೂ ಕಡೆ ‘ಆಯಿತು’ ಸಾಕು. ಇಂಗ್ಲಿಷಿನಲ್ಲಿ ಎಲೆ ‘ಟರ್ನ್ಡ್ ಯೆಲೊ’, ಮನುಷ್ಯ ‘ಗ್ರೂ ಓಲ್ಡ್’, ಹಾಲು ‘ವೆಂಟ್ ಸೌರ್’, ಕನಸು ‘ಕೇಮ್ ಟ್ರೂ’. ಬಣ್ಣ ಬದಲಾದರೆ ಟರ್ನ್, ನಿಧಾನವಾಗಿ ಆದರೆ ಗ್ರೋ. ‘ಗೋ’ ಹೆಚ್ಚಾಗಿ ಕೆಟ್ಟ ಕಡೆಗೆ ಹೋದಾಗ ಬರುತ್ತದೆ: ಗೋ ಬ್ಯಾಡ್, ಗೋ ಮ್ಯಾಡ್, ಗೋ ಬ್ಲೈಂಡ್, ಗೋ ರಾಂಗ್. ‘ಕಮ್’ ಒಳ್ಳೆಯ ಕಡೆಗೆ. ಇವನ್ನು ನಿಯಮ ಅಂತ ಕಲಿಯಬೇಡಿ, ಜೋಡಿ ಜೋಡಿಯಾಗಿ ಕಿವಿಗೆ ಹಾಕಿಕೊಳ್ಳಿ.

ಪ್ರಶ್ನೆ: ‘ದಿ ಪ್ರಾಬ್ಲಮ್ ಈಸ್ ಮೈ ಶೂಸ್’ ಸರಿಯೋ, ‘ಆರ್ ಮೈ ಶೂಸ್’ ಸರಿಯೋ?

ಉತ್ತರ: ‘ಈಸ್’ ಸರಿ. ಕೊಂಡಿ ಯಾವಾಗಲೂ ತನ್ನ ಹಿಂದಿರುವ ಕರ್ತೃವಿನ ಮಾತು ಕೇಳುತ್ತದೆ, ಮುಂದಿರುವುದರ ಮಾತು ಕೇಳುವುದಿಲ್ಲ. ತಿರುಗಿಸಿದರೆ ‘ಮೈ ಶೂಸ್ ಆರ್ ದಿ ಪ್ರಾಬ್ಲಮ್’. ಕನ್ನಡದಲ್ಲಿ ‘ಸಮಸ್ಯೆ ನನ್ನ ಬೂಟುಗಳು’ ಅಂತ ಕೊಂಡಿಯೇ ಇಲ್ಲದೆ ಹೇಳಬಹುದು, ಹಾಗಾಗಿ ನಮಗೆ ಈ ಪ್ರಶ್ನೆ ಏಳುವುದೇ ಇಲ್ಲ.

ಪ್ರಶ್ನೆ: ನಾನು ಕಚೇರಿಯಲ್ಲಿ ದಿನವೂ ಇಂಗ್ಲಿಷ್ ಮಾತಾಡುತ್ತೇನೆ. ‘ಐ ಡೋಂಟ್ ನೋ ವೇರ್ ಈಸ್ ಹಿ’ ಅಂದಾಗಲೆಲ್ಲ ಒಬ್ಬ ಸಹೋದ್ಯೋಗಿ ತಿದ್ದುತ್ತಾರೆ. ‘ವೇರ್ ಈಸ್ ಹಿ’ ಅನ್ನುವುದು ಸರಿಯಾದ ಇಂಗ್ಲಿಷೇ ಅಲ್ವಾ? ಇನ್ನೊಂದು, ‘ವೆನ್’ ಬಂದರೆ ‘ವಿಲ್’ ಹಾಕಬಾರದು ಅಂತಾರೆ. ಹಾಕಿದ್ದನ್ನೂ ಕೇಳಿದ್ದೇನೆ. ಯಾವುದು ನಿಜ?

ಉತ್ತರ: ಎರಡೂ ಪ್ರಶ್ನೆಗಳ ಬುಡ ಒಂದೇ, ಉಪವಾಕ್ಯ. ಒಂದು ವಾಕ್ಯದ ಹೊಟ್ಟೆಯೊಳಗೆ ಇನ್ನೊಂದು ವಾಕ್ಯ ಕೂತಾಗ ಒಳಗಿನದಕ್ಕೆ ಸ್ವಂತ ಸ್ವಾತಂತ್ರ್ಯ ಇರುವುದಿಲ್ಲ.

ಕನ್ನಡದಲ್ಲಿ ‘ಅವನು ಎಲ್ಲಿದ್ದಾನೆ?’ ಅಂತ ಕೇಳುತ್ತೇವೆ. ‘ಅವನು ಎಲ್ಲಿದ್ದಾನೆ ಗೊತ್ತಿಲ್ಲ’ ಅಂತ ಹೇಳುತ್ತೇವೆ. ಒಳಗೆ ಕೂತ ಮಾತು ಒಂದಕ್ಷರವೂ ಬದಲಾಗಲಿಲ್ಲ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವಾಗ ಮಾತ್ರ ‘ಈಸ್’ ಮುಂದಕ್ಕೆ ಜಿಗಿಯುತ್ತದೆ. ಅದು ವಾಕ್ಯದ ಒಳಗೆ ಸೇರಿಕೊಂಡ ಮೇಲೆ ಪ್ರಶ್ನೆ ಅಲ್ಲ, ಹಾಗಾಗಿ ‘ಈಸ್’ ತನ್ನ ಜಾಗಕ್ಕೆ ವಾಪಸ್ ಹೋಗುತ್ತದೆ: ‘ಐ ಡೋಂಟ್ ನೋ ವೇರ್ ಹಿ ಈಸ್’. ‘ವೇರ್ ಡಸ್ ಶಿ ಲಿವ್’ ಅನ್ನುವ ಪ್ರಶ್ನೆಯ ‘ಡಸ್’ ಕೂಡ ಒಳಗೆ ಬಂದರೆ ಮಾಯ: ‘ಐ ನೋ ವೇರ್ ಶಿ ಲಿವ್ಸ್’. ಹೌದು–ಇಲ್ಲ ಅನ್ನುವ ಪ್ರಶ್ನೆ ಆದರೆ ‘ಇಫ್’ ಅಥವಾ ‘ವೆದರ್’ ಬೇಕು. ‘ಬರುತ್ತಾನೋ ಇಲ್ಲವೋ’ ಅನ್ನುವಾಗಿನ ನಮ್ಮ ‘ಓ’ ಇದೆಯಲ್ಲ, ‘ವೆದರ್’ ಮಾಡುವ ಕೆಲಸ ಅದೇ.

ಈಗ ‘ವಿಲ್’. ಈ ಎರಡು ಮಾತುಗಳನ್ನು ಜೋರಾಗಿ ಓದಿ. ‘ಅವನು ಬಂದಾಗ ಹೇಳು.’ ‘ಅವನು ಯಾವಾಗ ಬರುತ್ತಾನೆ ಹೇಳು.’ ಮೊದಲನೆಯದು ‘ಟೆಲ್ ಮಿ ವೆನ್ ಹಿ ಕಮ್ಸ್’, ಎರಡನೆಯದು ‘ಟೆಲ್ ಮಿ ವೆನ್ ಹಿ ವಿಲ್ ಕಮ್’. ಎರಡೂ ಸರಿ! ‘ಬಂದಾಗ’, ‘ಬಂದರೆ’ ಅನ್ನುವ ಅರ್ಥ ಇದ್ದರೆ ಉಪವಾಕ್ಯ ಬರೀ ಸಮಯವನ್ನೋ ಷರತ್ತನ್ನೋ ಹೇಳುತ್ತಿದೆ, ಅಲ್ಲಿ ‘ವಿಲ್’ ಬೇಡ. ‘ಯಾವಾಗ’ ಅನ್ನುವ ಅರ್ಥ ಇದ್ದರೆ ಆ ಉಪವಾಕ್ಯವೇ ನೀವು ತಿಳಿದುಕೊಳ್ಳಬೇಕಾದ ವಿಷಯ, ಅಲ್ಲಿ ‘ವಿಲ್’ ಬರಬಹುದು. ಇಂಗ್ಲಿಷಿಗೆ ಎರಡಕ್ಕೂ ‘ವೆನ್’ ಒಂದೇ ಇರುವುದರಿಂದ ಗೊಂದಲ. ಕನ್ನಡದಲ್ಲಿ ಎರಡು ಬೇರೆ ರೂಪಗಳಿವೆ. ಅನುಮಾನ ಬಂದಾಗ ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ, ಉತ್ತರ ತಾನಾಗಿ ಸಿಗುತ್ತದೆ. ಇಂಗ್ಲಿಷ್ ಕಲಿಯುವಾಗ ಕನ್ನಡದಲ್ಲಿ ಯೋಚಿಸಲೇಬಾರದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕನ್ನಡ ಎಲ್ಲಿ ದಾರಿ ತಪ್ಪಿಸುತ್ತದೆ, ಎಲ್ಲಿ ದಾರಿ ತೋರಿಸುತ್ತದೆ ಅಂತ ತಿಳಿದರೆ ಅದರಷ್ಟು ಒಳ್ಳೆಯ ಮೇಷ್ಟ್ರು ಇನ್ನೊಬ್ಬರಿಲ್ಲ.

ಪ್ರಶ್ನೆ: ‘ಹೂ’ ಬರುವ ಉಪವಾಕ್ಯಕ್ಕೆ ಅಲ್ಪವಿರಾಮ ಹಾಕಬೇಕೋ ಬೇಡವೋ?

ಉತ್ತರ: ಅರ್ಥ ನೋಡಿ ಹಾಕಬೇಕು. ‘ಮೈ ಬ್ರದರ್ ಹೂ ಈಸ್ ಎ ಡಾಕ್ಟರ್’ ಅಂತ ಅಲ್ಪವಿರಾಮ ಇಲ್ಲದೆ ಬರೆದರೆ ನಿಮಗೆ ಒಬ್ಬರಿಗಿಂತ ಹೆಚ್ಚು ಅಣ್ಣತಮ್ಮಂದಿರು ಇದ್ದಾರೆ, ಅವರಲ್ಲಿ ಡಾಕ್ಟರ್ ಆದವರ ಮಾತು ಇದು ಅಂತ ಅರ್ಥ. ‘ಮೈ ಬ್ರದರ್, ಹೂ ಈಸ್ ಎ ಡಾಕ್ಟರ್,’ ಅಂತ ಎರಡೂ ಕಡೆ ಅಲ್ಪವಿರಾಮ ಇಟ್ಟರೆ ಯಾರ ಮಾತು ಅನ್ನುವುದು ಮೊದಲೇ ಗೊತ್ತಿದೆ, ಡಾಕ್ಟರ್ ಅನ್ನುವುದು ಸುಮ್ನೆ ಹೆಚ್ಚುವರಿ ಮಾಹಿತಿ. ಕನ್ನಡದ ‘ಡಾಕ್ಟರ್ ಆಗಿರುವ ನನ್ನ ಅಣ್ಣ’ ಎರಡು ಅರ್ಥಕ್ಕೂ ನಡೆಯುತ್ತದೆ. ಅಲ್ಪವಿರಾಮ ಇಟ್ಟ ಕಡೆ ‘ಹೂ’ ಬದಲು ‘ದ್ಯಾಟ್’ ಹಾಕಬೇಡಿ.

ಪ್ರಶ್ನೆ: ಎರಡು ನಾಮಪದಗಳ ನಡುವೆ ‘ಆ್ಯಂಡ್’ ಇದ್ದರೆ ಬಹುವಚನ ಅಂತ ಕಲಿತೆವು. ಆದರೆ ‘ಬ್ರೆಡ್ ಆ್ಯಂಡ್ ಬಟರ್ ಈಸ್’ ಅಂತ ಪುಸ್ತಕದಲ್ಲಿದೆ. ‘ದಿ ಸೆಕ್ರೆಟರಿ ಆ್ಯಂಡ್ ಟ್ರೆಷರರ್ ಹ್ಯಾಸ್ ಕಮ್’ ಅಂತಲೂ ಇದೆ. ಅಚ್ಚಿನ ತಪ್ಪಾ?

ಉತ್ತರ: ಅಚ್ಚಿನ ತಪ್ಪಲ್ಲ. ಎಣಿಸಬೇಕಾದ್ದು ಪದಗಳನ್ನಲ್ಲ, ಪದಗಳು ತೋರಿಸುವ ವಸ್ತು ಅಥವಾ ವ್ಯಕ್ತಿಗಳನ್ನು. ಬೆಣ್ಣೆ ಸವರಿದ ಬ್ರೆಡ್ ಒಂದೇ ತಿಂಡಿ, ಆದ್ದರಿಂದ ‘ಈಸ್’. ‘ಲಾ ಆ್ಯಂಡ್ ಆರ್ಡರ್’ ಕೂಡ ಒಂದೇ ವಿಷಯ. ಬ್ರೆಡ್ಡಿನ ಬೆಲೆಯೂ ಬೆಣ್ಣೆಯ ಬೆಲೆಯೂ ಏರಿದೆ ಅಂತ ಬೇರೆ ಬೇರೆಯಾಗಿ ಹೇಳಬೇಕಾದರೆ ಆಗ ‘ಆರ್’.

ಸೆಕ್ರೆಟರಿ ವಿಷಯದಲ್ಲಿ ಗುಟ್ಟು ಇರುವುದು ‘ದಿ’ಯಲ್ಲಿ. ‘ದಿ’ ಒಂದೇ ಸಲ ಬಂದು ಮುಂದೆ ‘ಹ್ಯಾಸ್’ ಇದ್ದರೆ ಒಬ್ಬರೇ ವ್ಯಕ್ತಿ, ಎರಡೂ ಹುದ್ದೆ ಅವರದೇ. ‘ದಿ ಸೆಕ್ರೆಟರಿ ಆ್ಯಂಡ್ ದಿ ಟ್ರೆಷರರ್ ಹ್ಯಾವ್ ಕಮ್’ ಅಂದರೆ ಇಬ್ಬರು. ಇದು ನಮಗೆ ಯಾಕೆ ಕಷ್ಟ ಗೊತ್ತಾ? ಕನ್ನಡದಲ್ಲಿ ‘ಕಾರ್ಯದರ್ಶಿ ಮತ್ತು ಖಜಾಂಚಿ ಬಂದಿದ್ದಾರೆ’ ಅಂದರೆ ಒಬ್ಬರೋ ಇಬ್ಬರೋ ಕ್ರಿಯಾಪದದಿಂದ ತಿಳಿಯುವುದಿಲ್ಲ, ಗೌರವಕ್ಕೆ ಒಬ್ಬರಿಗೂ ಬಹುವಚನವೇ ಹಾಕುತ್ತೇವೆ. ಹಾಗಾಗಿ ಕ್ರಿಯಾಪದದಲ್ಲಿ ತಲೆ ಎಣಿಸುವ ಅಭ್ಯಾಸ ನಮಗಿಲ್ಲ.

ಇನ್ನೆರಡು ಕಡೆ ಎಚ್ಚರ ಇರಲಿ. ‘ಎವ್ರಿ ಬಾಯ್ ಆ್ಯಂಡ್ ಗರ್ಲ್’ ಅಂದರೆ ಒಬ್ಬೊಬ್ಬರನ್ನೇ ಎಣಿಸಿದ ಲೆಕ್ಕ, ಅದು ‘ಹ್ಯಾಸ್’. ‘ದಿ ಟೀಚರ್, ಅಲಾಂಗ್ ವಿತ್ ದಿ ಸ್ಟೂಡೆಂಟ್ಸ್’ ಅಂದಾಗ ಕರ್ತೃ ಟೀಚರ್ ಮಾತ್ರ, ಜೊತೆಗೆ ಬಂದವರು ಲೆಕ್ಕಕ್ಕಿಲ್ಲ, ಅದೂ ‘ಹ್ಯಾಸ್’. ‘ಆ್ಯಸ್ ವೆಲ್ ಆ್ಯಸ್’ ಕೂಡ ಹೀಗೇ.

ಪ್ರಶ್ನೆ: ವಕೀಲರ ಕಾಗದಗಳಲ್ಲಿ ‘ವಿಲ್ ಆ್ಯಂಡ್ ಟೆಸ್ಟಮೆಂಟ್’, ‘ಗೂಡ್ಸ್ ಆ್ಯಂಡ್ ಚಾಟಲ್ಸ್’ ಅಂತ ಒಂದೇ ಅರ್ಥದ ಎರಡೆರಡು ಪದ ಯಾಕೆ?

ಉತ್ತರ: ಬಹಳ ಇಷ್ಟವಾದ ಪ್ರಶ್ನೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಮೇಲೆ ಅಲ್ಲಿನ ಆಳುವವರ ಮಾತು ಫ್ರೆಂಚ್ ಆಯಿತು, ಬರವಣಿಗೆಗೆ ಲ್ಯಾಟಿನ್ ಇತ್ತು, ಜನ ಮಾತ್ರ ಇಂಗ್ಲಿಷ್ ಆಡುತ್ತಿದ್ದರು. ನ್ಯಾಯಾಲಯದ ವಾದ ಇಂಗ್ಲಿಷಿನಲ್ಲಿ ನಡೆಯಬೇಕು ಅಂತ ಕಾನೂನು ಬಂದದ್ದು 1362ರಲ್ಲಿ. ಮೂರು ಭಾಷೆಗಳು ಹೀಗೆ ಒಟ್ಟಿಗೆ ಬದುಕಿದ ಗುರುತು ಈ ಜೋಡಿಗಳಲ್ಲಿ ಉಳಿದಿದೆ. ‘ವಿಲ್’ ಹಳೆಯ ಇಂಗ್ಲಿಷ್, ‘ಟೆಸ್ಟಮೆಂಟ್’ ಲ್ಯಾಟಿನ್. ‘ಗೂಡ್ಸ್’ ಇಂಗ್ಲಿಷ್, ‘ಚಾಟಲ್ಸ್’ ಫ್ರೆಂಚ್.

ನಮ್ಮ ಜೋಡುನುಡಿಗಳೂ ಹೀಗೇ ಇವೆ. ‘ಕೆಲಸಕಾರ್ಯ’ದಲ್ಲಿ ಕೆಲಸ ಕನ್ನಡ, ಕಾರ್ಯ ಸಂಸ್ಕೃತ. ‘ಕಾಗದಪತ್ರ’ದಲ್ಲಿ ಕಾಗದ ಪರ್ಷಿಯನ್ ಕಡೆಯಿಂದ ಬಂದದ್ದು, ಪತ್ರ ಸಂಸ್ಕೃತದ್ದು. ಇಂಥ ಜೋಡಿಗಳ ಕ್ರಮವನ್ನು ಮಾತ್ರ ಅದಲುಬದಲು ಮಾಡುವ ಹಾಗಿಲ್ಲ. ನಾವು ‘ರಕ್ತಮಾಂಸ’ ಅನ್ನುತ್ತೇವೆ, ಇಂಗ್ಲಿಷಿನವರು ಮಾಂಸವನ್ನು ಮೊದಲಿಟ್ಟು ‘ಫ್ಲೆಶ್ ಆ್ಯಂಡ್ ಬ್ಲಡ್’ ಅನ್ನುತ್ತಾರೆ. ನಮ್ಮ ‘ಅಲ್ಲಿ ಇಲ್ಲಿ’ ಅವರಿಗೆ ‘ಹಿಯರ್ ಆ್ಯಂಡ್ ದೇರ್’.

ಪ್ರಶ್ನೆ: ‘ಬಿಟ್ವೀನ್ ಯು ಆ್ಯಂಡ್ ಐ’ ಅನ್ನುವುದು ಹೆಚ್ಚು ಮರ್ಯಾದೆಯ ಇಂಗ್ಲಿಷ್ ಅಂತಾರೆ. ಹೌದಾ?

ಉತ್ತರ: ಅಲ್ಲ. ‘ಬಿಟ್ವೀನ್ ಯು ಆ್ಯಂಡ್ ಮಿ’ ಅನ್ನಿ. ಜೋಡಿಯಲ್ಲಿ ಇನ್ನೊಬ್ಬರನ್ನು ತೆಗೆದು ಒಬ್ಬರನ್ನೇ ಇಟ್ಟು ನೋಡಿದರೆ ತಿಳಿಯುತ್ತದೆ. ‘ಶಿ ಕಾಲ್ಡ್ ಐ’ ಅಂತ ಯಾರೂ ಅನ್ನುವುದಿಲ್ಲ ಅಲ್ವಾ, ಹಾಗಾದರೆ ‘ಶಿ ಕಾಲ್ಡ್ ಮೈ ಸಿಸ್ಟರ್ ಆ್ಯಂಡ್ ಮಿ’ ಸರಿ. ‘ಐ ವೆಂಟ್’ ಅನ್ನುತ್ತೇವೆ, ಹಾಗಾಗಿ ‘ಮೈ ಸಿಸ್ಟರ್ ಆ್ಯಂಡ್ ಐ ವೆಂಟ್’. ತನ್ನನ್ನು ಕೊನೆಗೆ ಹೇಳಿಕೊಳ್ಳುವುದು ಮಾತ್ರ ನಿಜವಾಗಿಯೂ ಮರ್ಯಾದೆ.