ಹಿಂದಕ್ಕೆ ಸುತ್ತುವ ತಿರುಗುಣಿ

ಕಳೆದ ಸಂಚಿಕೆಯಲ್ಲಿ ರೇ ಬ್ರಾಡ್‌ಬರಿಯ 'ಸಮ್‌ಥಿಂಗ್ ವಿಕೆಡ್ ದಿಸ್ ವೇ ಕಮ್ಸ್' (1962) ಕಾದಂಬರಿ ಓದಿ ಎಂದು ಬರೆದಿದ್ದೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯಿಂದ ಪತ್ರಗಳು ಬಂದಿವೆ. ಮೆಚ್ಚಿದವರಿಗಿಂತ ಜಗಳಕ್ಕೆ ನಿಂತವರೇ ಹೆಚ್ಚು. ನನಗೆ ಅದೇ ಖುಷಿ. ಓದದವರಿಗೆ ಕಥೆಯ ಎಳೆ ಇಷ್ಟು: ಅಮೆರಿಕದ ಇಲಿನಾಯ್ ರಾಜ್ಯದ ಗ್ರೀನ್ ಟೌನ್ ಎಂಬ ಊರಿಗೆ ಅಕ್ಟೋಬರ್ ಕೊನೆಯಲ್ಲಿ, ರಾತ್ರಿ ಮೂರು ಗಂಟೆಗೆ, ರೈಲಿನಲ್ಲಿ ಒಂದು ಕಾರ್ನಿವಲ್, ಅಂದರೆ ಊರೂರು ತಿರುಗುವ ಆಟ ತಮಾಷೆಗಳ ಮೇಳ, ಬಂದಿಳಿಯುತ್ತದೆ. ಅದರಲ್ಲೊಂದು ಮರದ ಕುದುರೆಗಳ ತಿರುಗುಣಿ. ಮುಂದಕ್ಕೆ ಸುತ್ತಿದರೆ ಹತ್ತಿದವರ ವಯಸ್ಸು ಸುತ್ತಿಗೊಂದು ವರ್ಷ ಏರುತ್ತದೆ, ಹಿಂದಕ್ಕೆ ಸುತ್ತಿದರೆ ಇಳಿಯುತ್ತದೆ. ಹದಿನಾಲ್ಕು ತುಂಬಲಿರುವ ವಿಲ್ ಮತ್ತು ಜಿಮ್ ಎಂಬ ಗೆಳೆಯರು ಇದನ್ನು ಕಂಡುಬಿಡುತ್ತಾರೆ. ಮುಂದಿನ ಉತ್ತರಗಳಲ್ಲಿ ಕಥೆಯ ಕೊನೆಯೂ ಬರುತ್ತದೆ. ಈಗಷ್ಟೇ ಶುರು ಮಾಡಿದವರು ಪುಟ ತಿರುಗಿಸಿಬಿಡಿ.

● ಮೇಡಂ, ನೀವು ಹೇಳಿದಿರಿ ಅಂತ ಓದಿದೆ. ಒಂದು ಕಡೆಯೂ ಎದೆ ಝಲ್ಲೆನ್ನಲಿಲ್ಲ. ರಕ್ತವಿಲ್ಲ, ದೆವ್ವವಿಲ್ಲ. ಇದನ್ನು ಭಯಾನಕ ಕಾದಂಬರಿ ಅಂತ ಯಾಕೆ ಕರೀತಾರೆ?
(ನಿವೃತ್ತ ಬ್ಯಾಂಕ್ ನೌಕರರು, ವಿದ್ಯಾನಗರ, ದಾವಣಗೆರೆ)

ಸರ್, ಮಿಸ್ ಫೋಲಿಯ ಪುಟಗಳನ್ನು ಇನ್ನೊಮ್ಮೆ ನೋಡಿ. ಐವತ್ತು ದಾಟಿದ ಶಾಲಾ ಶಿಕ್ಷಕಿ, ಒಂಟಿ. ಕಾರ್ನಿವಲ್ಲಿನ ಕನ್ನಡಿಗಳ ಜಾಲದೊಳಗೆ ಹೊಕ್ಕು, ಅಲ್ಲಿ ತನ್ನ ಚಿಕ್ಕಂದಿನ ಮುಖ ಕಂಡು ದಾರಿ ತಪ್ಪುತ್ತಾಳೆ. ಕೊನೆಗೆ ಅವಳು ಬೇಡಿದ್ದೇ ಅವಳಿಗೆ ಸಿಗುತ್ತದೆ. ಪುಟ್ಟ ಹುಡುಗಿಯಾಗಿ, ಒಂದು ಮರದ ಕೆಳಗೆ ಕೂತು ಅಳುತ್ತಿರುತ್ತಾಳೆ. ಮನೆಗೆ ಹೋಗುವಂತಿಲ್ಲ, 'ನಾನೇ ನಿಮ್ಮ ಟೀಚರ್' ಅಂದರೆ ನಂಬುವವರಿಲ್ಲ. ಅವಳನ್ನು ಗುರುತಿಸಬಲ್ಲವರು ಈ ಇಬ್ಬರು ಹುಡುಗರು ಮಾತ್ರ, ಅವರಿಗೂ ಸಹಾಯ ಮಾಡುವ ದಾರಿಯಿಲ್ಲ.

ನಾನು ಪಾಠ ಹೇಳಿಕೊಂಡು ಬಂದವಳು. ನಿವೃತ್ತಿಯ ಮೇಲೆ ಪಿ.ಜೆ. ಬಡಾವಣೆಯ ರಸ್ತೆಯಲ್ಲಿ ಹಳೇ ವಿದ್ಯಾರ್ಥಿಗಳು ಎದುರಾದರೆ 'ಮೇಡಂ ಚೆನ್ನಾಗಿದೀರಾ' ಅಂತ ನಿಲ್ಲುತ್ತಾರೆ. ಆ ಒಂದು ಮಾತಿನಲ್ಲಿ ನನ್ನ ಇಡೀ ಬದುಕು ನನಗೆ ವಾಪಸು ಸಿಗುತ್ತದೆ. ಮಿಸ್ ಫೋಲಿ ಕಳೆದುಕೊಂಡದ್ದು ಅದನ್ನು. ಕಾಲು ನೋವು, ಬಿಳಿಗೂದಲು ಹೋಯಿತು, ಅದರ ಜೊತೆಗೆ ತನ್ನನ್ನು ಗುರುತಿಸುವ ಊರೂ ಹೋಯಿತು. ರಕ್ತ ಸುರಿದರೆ ಒರೆಸಬಹುದು, ಇದಕ್ಕೇನು ಮಾಡುತ್ತೀರಿ? ನನ್ನ ಮಟ್ಟಿಗೆ ಈ ಪುಸ್ತಕದ ಭಯವೆಲ್ಲ ಇಲ್ಲಿದೆ: ಇರುವ ವಯಸ್ಸನ್ನು ಬಿಟ್ಟು ಬೇರೆ ವಯಸ್ಸಿಗೆ ಹಾತೊರೆಯುವುದು, ಮತ್ತು ಯಾರೋ ಬಂದು 'ಸರಿ, ತಗೋ' ಎಂದುಬಿಡುವುದು.

● ಜಾತ್ರೆಯವರನ್ನೆಲ್ಲ ರಾಕ್ಷಸರ ಹಾಗೆ ತೋರಿಸಿದ್ದು ನ್ಯಾಯವೇ? ನಮ್ಮೂರ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ತೊಟ್ಟಿಲು ತರುವವರು ಪಾಪ, ಬಿಸಿಲಲ್ಲಿ ಬೆಂದು ದುಡಿಯುವ ಜನ.
(ಓದುಗರು, ನಾಯಕನಹಟ್ಟಿ)

ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಊರೂರು ಅಲೆದು ಹೊಟ್ಟೆ ಹೊರೆಯುವವರ ಮೇಲೆ ನೆಲೆ ನಿಂತವರಿಗೆ ಮೊದಲಿಂದಲೂ ಗುಮಾನಿ. ಕುಳ್ಳ, ಅಸ್ಥಿಪಂಜರದಂಥ ಸಣಕಲ, ಕುರುಡು ಮಾಟಗಾತಿ, ಹೀಗೆ ದೇಹದಲ್ಲಿ ಬೇರೆಯಾಗಿ ಕಾಣುವವರನ್ನೇ ಕೆಡುಕಿನ ಪಾಳಯಕ್ಕೆ ಸೇರಿಸಿದ್ದು ಈ ಕಾದಂಬರಿಯ ದೊಡ್ಡ ಕೊರತೆ. ಆ ಕುಳ್ಳ ಮೊದಲು ಸಿಡಿಲು ತಡೆಯುವ ಕಂಬಿ ಮಾರುತ್ತ ಊರಿಗೆ ಬಂದಿದ್ದ ಸಾಧು ಮನುಷ್ಯನೇ, ಅವನನ್ನು ಹಾಗೆ ಮಾಡಿಟ್ಟರು ಎಂದು ಬ್ರಾಡ್‌ಬರಿ ಹೇಳುತ್ತಾನೆ, ನಿಜ. ಆದರೂ ಕೊರತೆ ಪೂರ್ತಿ ತುಂಬುವುದಿಲ್ಲ.

ಆದರೆ ನಮ್ಮ ಜಾತ್ರೆಯನ್ನೂ ಆ ಕಾರ್ನಿವಲ್ಲನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಿಮ್ಮಲ್ಲಿ ತೇರು ಎಳೆಯುವವರು ಊರಿನವರು, ಕೊಬ್ಬರಿ ಸುಡುವ ಹರಕೆ ಊರಿನವರದು. ಇಲ್ಲಿ ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಊರದೇವತೆ ದುಗ್ಗಮ್ಮನ ಜಾತ್ರೆ ಬಂತೆಂದರೆ ಮಗಳು ಅಳಿಯ, ಬೀಗರು ಬಿಜ್ಜರು ಮನೆ ತುಂಬುತ್ತಾರೆ; ಕುಸ್ತಿ ನೋಡಲು ಹಳ್ಳಿ ಹಳ್ಳಿಗಳಿಂದ ಜನ ಸೇರುತ್ತಾರೆ. ತೊಟ್ಟಿಲು, ಬಳೆ ಅಂಗಡಿ, ಮಿರ್ಚಿ ಮಂಡಕ್ಕಿ ಎಲ್ಲ ಬರುವುದು ಅಮ್ಮನ ನೆರಳಿಗೆ. ಗ್ರೀನ್ ಟೌನಿಗೆ ಬಂದದ್ದನ್ನು ಯಾರೂ ಕರೆದಿರಲಿಲ್ಲ. ಅಲ್ಲಿ ದೇವರಿಲ್ಲ, ಹರಕೆಯಿಲ್ಲ, ನೆಂಟರಿಲ್ಲ. ಒಬ್ಬೊಬ್ಬರೂ ತಮ್ಮ ಗುಟ್ಟಿನ ಆಸೆ ಹಿಡಿದುಕೊಂಡು ಒಬ್ಬೊಬ್ಬರೇ ಒಳಗೆ ಹೋಗುತ್ತಾರೆ. ಹಾಗೆ ಹೋದವರನ್ನೇ ಯಜಮಾನ ಮಿಸ್ಟರ್ ಡಾರ್ಕ್ ಹಿಡಿಯುವುದು.

● ಅಕ್ಕಾ, ನನ್ನ ಮಗ ಎಂಟನೇ ಕ್ಲಾಸು. ಕೊಡಬಹುದಾ?
(ಗೃಹಿಣಿ, ಹರಿಹರ)

ಕೊಡಿ ತಂಗಿ. ವಿಲ್ ಮತ್ತು ಜಿಮ್‌ಗೂ ಅದೇ ವಯಸ್ಸು. ಮಾಟಗಾತಿ ರಾತ್ರಿ ಬಲೂನಿನಲ್ಲಿ ತೇಲಿ ಬಂದು ಮನೆಯ ಮಾಡು ಸವರಿ ಗುರುತು ಹಾಕುವ ಭಾಗವನ್ನು ಮಾತ್ರ ಹಗಲಲ್ಲಿ ಓದಲಿ.

● ಇಂಗ್ಲಿಷ್ ತುಂಬ ಕಷ್ಟ ಮೇಡಂ. ಒಂದು ವಾಕ್ಯದಲ್ಲಿ ಹತ್ತು ಹೋಲಿಕೆ. ಇಪ್ಪತ್ತು ಪುಟಕ್ಕೆ ಬಿಟ್ಟೆ.
(ಪಿಯು ವಿದ್ಯಾರ್ಥಿ, ಚಳ್ಳಕೆರೆ)

ಬ್ರಾಡ್‌ಬರಿ ವಿಪರೀತ ಅಲಂಕಾರ ಮಾಡುತ್ತಾನೆ, ನಿನ್ನ ದೂರು ಒಪ್ಪುವಂಥದ್ದೇ. ಒಂದು ಕೆಲಸ ಮಾಡು: ಗಟ್ಟಿಯಾಗಿ ಓದು. ಕಣ್ಣಿಗೆ ತೊಡಕಾದದ್ದು ಎಷ್ಟೋ ಸಲ ಕಿವಿಗೆ ತಿಳಿಯುತ್ತದೆ. ಗೊತ್ತಿಲ್ಲದ ಪದಕ್ಕೆಲ್ಲ ಮೊಬೈಲ್ ತೆಗೆಯಬೇಡ. ಅಧ್ಯಾಯಗಳು ಚಿಕ್ಕವು, ದಿನಕ್ಕೆರಡು ಸಾಕು.

● ಸಿನಿಮಾ ಇದೆಯಂತಲ್ಲ?
(ಓದುಗರು, ಹೊಳಲ್ಕೆರೆ)

ಇದೆ. ಡಿಸ್ನಿಯವರದು, 1983ರದು, ನಿರ್ದೇಶನ ಜ್ಯಾಕ್ ಕ್ಲೇಟನ್. ಸ್ವಾರಸ್ಯವೆಂದರೆ ಕಾದಂಬರಿಯಾಗುವ ಮೊದಲೇ ಈ ಕಥೆ ಸಿನಿಮಾ ಆಗಲು ಹೊರಟಿತ್ತು. ನೃತ್ಯಪಟು, ನಟ ಜೀನ್ ಕೆಲ್ಲಿಗಾಗಿ ಬ್ರಾಡ್‌ಬರಿ ಬರೆದದ್ದು. ಕೆಲ್ಲಿಗೆ ಹಣ ಹೊಂದಿಸಲಾಗಲಿಲ್ಲ, ಕಥೆ ಕಾದಂಬರಿಯಾಯಿತು. ಪುಸ್ತಕ ಓದಿದ ಮೇಲೆ ನೋಡಿ.

● ರಾತ್ರಿ ಮೂರು ಗಂಟೆಗೆ ಗಂಡಸರಿಗೆ ಮಾತ್ರ ಎಚ್ಚರವಾಗುತ್ತದೆ, ಹೆಂಗಸರು ಮಗುವಿನ ಹಾಗೆ ಮಲಗಿರುತ್ತಾರೆ ಅಂತ ಬರೆದಿದ್ದಾನಲ್ಲ, ನಿಮಗೆ ಕೋಪ ಬರಲಿಲ್ಲವೇ?
(ಶಿಕ್ಷಕಿ, ಚಿತ್ರದುರ್ಗ)

ಬಂತು. ನೀವು ಹೇಳುವುದು ವಿಲ್‌ನ ಅಪ್ಪ ಚಾರ್ಲ್ಸ್ ಹಾಲೋವೇ ನಿದ್ದೆ ಬಾರದೆ ಯೋಚಿಸುವ ಅಧ್ಯಾಯ. ಬರವಣಿಗೆ ಸೊಗಸಾಗಿದೆ, ಮಾತು ಸುಳ್ಳು. ಮಗುವಿಗೆ ಜ್ವರ ಬಂದಾಗ ಆ ಹೊತ್ತಿನಲ್ಲಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವರು ಯಾರು? ನಲ್ಲಿಯಲ್ಲಿ ನೀರು ಯಾವಾಗ ಬಂದೀತೋ ಎಂದು ಕಿವಿ ನಿಮಿರಿಸಿ ಮಲಗುತ್ತಿದ್ದವರು ಯಾರು? ಹುಡುಗರ ತಾಯಂದಿರಿಗೆ ಈ ಕಾದಂಬರಿಯಲ್ಲಿ ಹೆಚ್ಚು ಜಾಗವಿಲ್ಲ. ಇಬ್ಬರಲ್ಲಿ ಒಬ್ಬಳಾದರೂ ಆ ರಾತ್ರಿ ರೈಲಿನ ಕೂಗು ಕೇಳಿ ಎದ್ದು ಕೂತಿದ್ದರೆ ಕಥೆ ಇನ್ನೂ ದೊಡ್ಡದಾಗುತ್ತಿತ್ತು.

● ನನಗೆ ಐವತ್ತಾರು, ಮಗ ಎಸ್ಸೆಸ್ಸೆಲ್ಸಿ. ತಡವಾಗಿ ಹುಟ್ಟಿದವನು. ಚಾರ್ಲ್ಸ್‌ನ ಪಾತ್ರ ಓದಿ ಕಣ್ಣು ತುಂಬಿತು. ಆದರೆ ನಗುವಿನಿಂದ ಮಾಟಗಾತಿ ಸಾಯುವುದು ನಂಬುವ ಹಾಗಿದೆಯೇ?
(ಹತ್ತಿ ವ್ಯಾಪಾರಿ, ದಾವಣಗೆರೆ)

ಚಾರ್ಲ್ಸ್‌ಗೆ ಐವತ್ನಾಲ್ಕು. ಗ್ರಂಥಾಲಯದಲ್ಲಿ ಕಸ ಗುಡಿಸುವ ಕೆಲಸ. ಮಗನ ಜೊತೆ ಓಡಲಾರೆ ಎಂಬುದೇ ಅವನ ಕೊರಗು. ನನ್ನ ಅಪ್ಪನೂ ನನ್ನನ್ನು ತಡವಾಗಿ ಪಡೆದವರು. ಇಲ್ಲಿನ ಹತ್ತಿ ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿ, ಹತ್ತಿ ದೂಳಿಗೆ ಕೆಮ್ಮುತ್ತಲೇ ನನ್ನನ್ನು ದುಗ್ಗಮ್ಮನ ಜಾತ್ರೆಗೆ ಕರೆದೊಯ್ಯುತ್ತಿದ್ದರು. ನಾನು ತೊಟ್ಟಿಲು ಹತ್ತಿದರೆ ಅವರು ಕೆಳಗೆ ನಿಂತು, ನಾನು ಕೆಳಗಿಳಿದು ಬಂದಾಗಲೆಲ್ಲ ಕೈಯೆತ್ತುತ್ತಿದ್ದರು. 'ಅದು ನಿಮ್ಮಜ್ಜನಾ' ಅಂತ ಪಕ್ಕದ ಹುಡುಗಿ ಕೇಳಿದ್ದು ಅವರ ಕಿವಿಗೆ ಬಿದ್ದಿತ್ತೋ ಏನೋ, ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಚಾರ್ಲ್ಸ್ ಬಗ್ಗೆ ನಾನು ತಟಸ್ಥವಾಗಿ ಬರೆಯಲಾರೆ.

ಈಗ ನಿಮ್ಮ ಪ್ರಶ್ನೆ. ಬರೀ ನಗುವಿನಿಂದ ಮಾಟಗಾತಿ ಸತ್ತಿದ್ದರೆ ನಾನೂ ಪುಸ್ತಕ ಮುಚ್ಚಿಡುತ್ತಿದ್ದೆ. ಕಾರ್ನಿವಲ್ಲಿನ ಬಂದೂಕಿನಾಟದಲ್ಲಿ ಚಾರ್ಲ್ಸ್ ಗುಂಡಿನ ಮೇಲೆ ಒಂದು ನಗು ಗೀಚಿ ಮಾಟಗಾತಿಗೆ ಹೊಡೆಯುವ ಆ ಪ್ರಸಂಗದಲ್ಲಿ ನನ್ನನ್ನು ಹಿಡಿದದ್ದು ಬೇರೆ. ಡಾರ್ಕ್ ಆಗಲೇ ಚಾರ್ಲ್ಸ್‌ನ ಎಡಗೈ ಹಿಸುಕಿ ಮುರಿದಿದ್ದಾನೆ. ಬಂದೂಕು ಎತ್ತಲು ಆಗುವುದಿಲ್ಲ. ತುಂಬಿದ ಜನರ ಮುಂದೆ ವಿಲ್ ವೇದಿಕೆಗೆ ಬಂದು ಬಂದೂಕಿಗೆ ಹೆಗಲು ಕೊಡುತ್ತಾನೆ. ಮಗನನ್ನು ಕಾಪಾಡಲು ಬಂದ ಅಪ್ಪನಿಗೆ ಮಗನೇ ಎಡಗೈಯಾಗುತ್ತಾನೆ. ಅಷ್ಟಾದ ಮೇಲೆ ಆ ನಗುವಿಗೆ ಬೆಲೆ ಬರುತ್ತದೆ.

ಇನ್ನೊಂದು ಜಾಗ ನೀವು ಬರೆದಿಲ್ಲ, ಅದನ್ನು ಬಿಡಬೇಡಿ. ಎಲ್ಲ ಮುಗಿದಿದೆ, ಡಾರ್ಕ್ ಇಲ್ಲ, ತಿರುಗುಣಿ ಖಾಲಿ ನಿಂತಿದೆ. ಒಂದೇ ಒಂದು ಸುತ್ತು ಹೋದರೇನು ಎಂಬ ಆಸೆ ಅಲ್ಲಿಯೂ ಸುಳಿಯುತ್ತದೆ. ಒಂದು ಸುತ್ತಾದ ಮೇಲೆ ಇನ್ನೊಂದು ಬೇಕಾಗುತ್ತದೆ, ಆಮೇಲೆ ಗೆಳೆಯರನ್ನು ಕರೆಯುತ್ತೀರಿ, ಕಡೆಗೆ ನೀವೇ ಅದರ ಯಜಮಾನರಾಗಿ ಊರೂರು ಅಲೆಯುತ್ತೀರಿ ಅಂತ ಚಾರ್ಲ್ಸ್ ಹುಡುಗರಿಗೆ ತಿಳಿಹೇಳಿ ಯಂತ್ರವನ್ನು ಒಡೆದುಹಾಕುತ್ತಾನೆ. ಎಲ್ಲರಿಗಿಂತ ಹೆಚ್ಚು ಆಸೆಯಿದ್ದವನು ಅವನೇ.

ಪರೀಕ್ಷೆ ಮುಗಿದ ಮೇಲೆ ಪುಸ್ತಕ ಮಗನ ಕೈಗೆ ಕೊಡಿ. ಅವನು ವಿಲ್‌ನ ಪಕ್ಷವೋ, ಬೇಗ ದೊಡ್ಡವನಾಗಬೇಕೆಂದು ತಿರುಗುಣಿಗೆ ಓಡುವ ಜಿಮ್‌ನ ಪಕ್ಷವೋ ಕೇಳಿ ನನಗೆ ಬರೆಯಿರಿ.