ಜಿಆರ್‌ಇ ಅಂಕ ಕಡಿಮೆ ಬಂದರೆ, ಸ್ವಂತ ಓದಿನಿಂದ ಏರಿಸಿಕೊಳ್ಳಬಹುದೇ?

ಪ್ರಶ್ನೆ: ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದೇನೆ. ಅಮೆರಿಕದಲ್ಲಿ ಎಂ.ಎಸ್. ಮಾಡುವ ಆಸೆಯಿಂದ, ಸ್ನಾತಕೋತ್ತರ ಪ್ರವೇಶಕ್ಕೆ ಬೇಕಾಗುವ ಜಿಆರ್‌ಇ ಪರೀಕ್ಷೆ ಬರೆದೆ. ಪದಪಟ್ಟಿಗಳನ್ನು ಬಾಯಿಪಾಠ ಮಾಡಿದ್ದರೂ ವರ್ಬಲ್‌ನಲ್ಲಿ (ಇಂಗ್ಲಿಷ್ ಭಾಷೆಯ ವಿಭಾಗ) 144, ಕ್ವಾಂಟ್‌ನಲ್ಲಿ (ಗಣಿತದ ವಿಭಾಗ) 157 ಬಂದಿದೆ. ಕೋಚಿಂಗ್‌ಗೆ ಕಟ್ಟುವಷ್ಟು ಹಣವಿಲ್ಲ. ಸ್ವಂತವಾಗಿ ಓದಿ ಮತ್ತೆ ಬರೆದರೆ ಅಂಕ ಏರೀತೇ?
— ಹೆಸರು ಬೇಡ, ಬನಶಂಕರಿ, ಬೆಂಗಳೂರು

ಉತ್ತರ: ಖಂಡಿತ ಏರಬಹುದು. ಆದರೆ ಇನ್ನಷ್ಟು ಪ್ರಶ್ನೆಗಳನ್ನು ಬಿಡಿಸುವುದಕ್ಕಿಂತ ಮೊದಲು, ಈವರೆಗೆ ತಪ್ಪಿದ ಪ್ರಶ್ನೆಗಳು ಏಕೆ ತಪ್ಪಿದವು ಎಂಬುದನ್ನು ಪತ್ತೆ ಹಚ್ಚಬೇಕು. ಕೋಚಿಂಗ್‌ಗೆ ಸೇರಿದರೂ ಈ ಕೆಲಸವನ್ನು ನಿಮ್ಮ ಪರವಾಗಿ ಬೇರೆಯವರು ಮಾಡಲಾರರು.

ಎಂಜಿನಿಯರಿಂಗ್ ವಿಭಾಗಗಳು ಸಾಮಾನ್ಯವಾಗಿ ಕ್ವಾಂಟ್ ಅಂಕವನ್ನು ಹೆಚ್ಚು ಗಮನಿಸುವುದರಿಂದ ಅಲ್ಲಿಂದಲೇ ಆರಂಭಿಸಿ. ಅದರಲ್ಲಿ ಕ್ಯಾಲ್ಕುಲಸ್ ಇಲ್ಲ, ತ್ರಿಕೋನಮಿತಿಯೂ ಇಲ್ಲ. ಇರುವುದು ಅಂಕಗಣಿತ, ಬೀಜಗಣಿತ, ರೇಖಾಗಣಿತ ಮತ್ತು ದತ್ತಾಂಶ ವಿಶ್ಲೇಷಣೆ. ಹಾಗಾಗಿ ನಿಮ್ಮಂಥವರ ಅಂಕ ಸೋರಿಹೋಗುವುದು ಬಹುಪಾಲು ಅವಸರದಿಂದ. ಒಂದು ಉದಾಹರಣೆ ನೋಡಿ: ಎಕ್ಸ್ ಸೊನ್ನೆಗಿಂತ ದೊಡ್ಡದು, ಎಕ್ಸ್‌ನ ವರ್ಗ ಮತ್ತು ಎಕ್ಸ್, ಇವೆರಡರಲ್ಲಿ ಯಾವುದು ದೊಡ್ಡದು? 2 ಅಥವಾ 3 ಹಾಕಿ ನೋಡಿದವರು ವರ್ಗವೇ ದೊಡ್ಡದೆಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. 1 ಹಾಕಿದರೆ ಎರಡೂ ಸಮ, ಅರ್ಧ ಹಾಕಿದರೆ ವರ್ಗವೇ ಚಿಕ್ಕದು. ಆದ್ದರಿಂದ ‘ನಿರ್ಧರಿಸಲು ಸಾಧ್ಯವಿಲ್ಲ’ ಎಂಬುದೇ ಸರಿಯುತ್ತರ. ಇಂಥದ್ದು ತಪ್ಪಿದಾಗ ನೋಟ್‌ಬುಕ್ಕಿನಲ್ಲಿ ಸರಿಯುತ್ತರವನ್ನಷ್ಟೇ ಬರೆದುಕೊಂಡರೆ ಪ್ರಯೋಜನವಿಲ್ಲ. ‘ಭಿನ್ನರಾಶಿಯನ್ನು ಪರೀಕ್ಷಿಸಲಿಲ್ಲ’ ಎಂದು ಕಾರಣವನ್ನು ಬರೆಯಿರಿ. ಕೆಲವು ವಾರಗಳ ನಂತರ ಆ ಪುಟಗಳನ್ನು ತಿರುವಿದರೆ ಅವೇ ಕಾರಣಗಳು ಮತ್ತೆ ಮತ್ತೆ ಕಾಣುತ್ತವೆ. ಮುಂದಿನ ಓದಿನ ವೇಳಾಪಟ್ಟಿಯನ್ನು ಅವುಗಳಿಂದಲೇ ರೂಪಿಸಿಕೊಳ್ಳಿ.

ವರ್ಬಲ್‌ನಲ್ಲಿ ಸುಮಾರು ಅರ್ಧದಷ್ಟು ಪ್ರಶ್ನೆಗಳು ಗದ್ಯಭಾಗವನ್ನು ಓದಿ ಉತ್ತರಿಸುವಂಥವು. ಬಾಯಿಪಾಠ ಮಾಡಿದ ಪದಗಳು ಅಲ್ಲಿ ಅಷ್ಟಾಗಿ ಕೈಹಿಡಿಯುವುದಿಲ್ಲ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿಯೂ ಮೊದಲು ಬೇಕಾದದ್ದು ವಾಕ್ಯ ಯಾವ ಕಡೆಗೆ ತಿರುಗುತ್ತಿದೆ ಎಂಬ ಅರಿವು. ‘ಆಲ್ದೋ’ (although) ಎಂದು ಆರಂಭವಾದ ವಾಕ್ಯದ ಉತ್ತರಾರ್ಧ ಪೂರ್ವಾರ್ಧಕ್ಕೆ ವಿರುದ್ಧವಾಗಿಯೇ ಇರುತ್ತದೆ. ಆಯ್ಕೆಗಳನ್ನು ನೋಡುವ ಮೊದಲೇ ಖಾಲಿ ಜಾಗಕ್ಕೆ ನಿಮ್ಮದೇ ಪದವೊಂದನ್ನು ಹುಡುಕಿಕೊಳ್ಳಿ; ಅದು ಕನ್ನಡದಲ್ಲಿ ಹೊಳೆದರೂ ಅಡ್ಡಿಯಿಲ್ಲ, ಏಕೆಂದರೆ ಅರ್ಥ ನಿಮ್ಮ ಕೈಗೆ ಸಿಕ್ಕಾಗಿದೆ. ಮೂರು ಖಾಲಿ ಜಾಗಗಳಿರುವಲ್ಲಿ ಎರಡು ಸರಿಯಾದರೆ ಅಂಕವಿಲ್ಲ, ಮೂರೂ ಸರಿಯಾಗಬೇಕು. ಪೀಣ್ಯಕ್ಕೆ ನೀವು ಹಸಿರು ಮಾರ್ಗದ ಮೆಟ್ರೊದಲ್ಲಿ ಹೋಗುವುದಾದರೆ, ಆ ಸಮಯದಲ್ಲಿ ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯವನ್ನು ಓದಿ, ಲೇಖಕರ ವಾದವನ್ನು ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಲು ಪ್ರಯತ್ನಿಸಿ. ಹೇಳಲು ಬಾರದಿದ್ದರೆ ಮತ್ತೆ ಓದಿ. ಪದಗಳೂ ಹೀಗೆ ವಾಕ್ಯದೊಳಗೆ ಸಿಕ್ಕಾಗಲೇ ಮನಸ್ಸಿನಲ್ಲಿ ಉಳಿಯುತ್ತವೆ.

ಪರೀಕ್ಷೆಯ ರಚನೆಯನ್ನೂ ಬಳಸಿಕೊಳ್ಳಿ. 2023ರ ಸೆಪ್ಟೆಂಬರ್‌ನಿಂದ ಒಟ್ಟು ಅವಧಿ 1 ಗಂಟೆ 58 ನಿಮಿಷ. ಕ್ವಾಂಟ್‌ನ ಮೊದಲ ಸೆಕ್ಷನ್‌ನಲ್ಲಿ 21 ನಿಮಿಷಕ್ಕೆ 12 ಪ್ರಶ್ನೆಗಳು, ಎರಡನೆಯದರಲ್ಲಿ 26 ನಿಮಿಷಕ್ಕೆ 15. ಮೊದಲನೆಯದನ್ನು ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೆಯದರ ಕಠಿಣತೆ ನಿರ್ಧಾರವಾಗುವುದರಿಂದ ಮೊದಲ ಸೆಕ್ಷನ್‌ಗೆ ಹೆಚ್ಚಿನ ಎಚ್ಚರ ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಕೊಳ್ಳುವಾಗ ಒಳಪುಟ ತೆರೆದು ನೋಡಿ. 200ರಿಂದ 800ರ ಅಂಕಮಾಪನವಾಗಲಿ, ವಿರುದ್ಧಪದಗಳ ಪ್ರಶ್ನೆಗಳಾಗಲಿ ಇದ್ದರೆ ಅದು 2011ಕ್ಕೆ ಹಿಂದಿನದು, ಬೇಡ. ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆ ಉಚಿತವಾಗಿ ಕೊಡುವ ‘ಪವರ್‌ಪ್ರೆಪ್’ ಮಾದರಿ ಪರೀಕ್ಷೆಗಳು ಕೆಲವೇ ಇರುವುದರಿಂದ ಅವನ್ನು ಆರಂಭದಲ್ಲೇ ಮುಗಿಸಿಬಿಡಬೇಡಿ. ಒಂದನ್ನಾದರೂ ಪರೀಕ್ಷೆಗೆ ಮುಂಚಿನ ವಾರಕ್ಕೆ ಉಳಿಸಿಕೊಂಡು, ಭಾನುವಾರ ಬೆಳಿಗ್ಗೆ ಫೋನ್ ದೂರವಿಟ್ಟು, ಎದ್ದು ಹೋಗದೆ ಬರೆಯಿರಿ.

ಪ್ರಶ್ನೆ: ಎರಡನೆಯ ಸಲ ಬರೆದರೆ ಹಳೆಯ ಕಡಿಮೆ ಅಂಕ ವಿಶ್ವವಿದ್ಯಾಲಯಕ್ಕೆ ತಿಳಿಯುತ್ತದೆಯೇ?
— ಓದುಗಿ, ಮಲ್ಲೇಶ್ವರ

ಉತ್ತರ: ನೀವು ಕಳುಹಿಸದಿದ್ದರೆ ತಿಳಿಯುವುದಿಲ್ಲ. ಯಾವ ಸಲದ ಅಂಕವನ್ನು ಕಳುಹಿಸಬೇಕೆಂದು ಅಭ್ಯರ್ಥಿಯೇ ಆರಿಸಬಹುದು. ಆದರೆ ಒಂದು ಸಲದ ಎಲ್ಲ ವಿಭಾಗಗಳ ಅಂಕಗಳೂ ಒಟ್ಟಿಗೇ ಹೋಗುತ್ತವೆ. ಎರಡು ಪರೀಕ್ಷೆಗಳ ನಡುವೆ 21 ದಿನಗಳ ಅಂತರವಿರಬೇಕು, 12 ತಿಂಗಳಲ್ಲಿ ಗರಿಷ್ಠ 5 ಸಲ ಬರೆಯಬಹುದು. ಅಂಕಗಳು 5 ವರ್ಷ ಮಾನ್ಯವಾಗಿರುತ್ತವೆ.