ಕಾರವಾರದಲ್ಲಿ ಕೆಂಡದ ಮೇಲೆ ಸುಟ್ಟು ತಿನ್ನೋರ ಗುಂಪು ಸೇರೋದು ಹೇಗೆ?

ಪ್ರಶ್ನೆ: ದಾವಣಗೆರೆಯಿಂದ ಕಾರವಾರಕ್ಕೆ ವರ್ಗವಾಗಿ ಮೂರು ತಿಂಗಳಾಯ್ತು. ಬಯಲಲ್ಲಿ ಇದ್ದಲು ಹೊತ್ತಿಸಿ ಏನಾದ್ರೂ ಸುಟ್ಟು ತಿನ್ನೋದು ನನ್ನ ಹುಚ್ಚು. ಮುಚ್ಚಳ ಇರೋ ದುಂಡನೆ ಗ್ರಿಲ್ ಒಂದಿದೆ, ಇನ್ನೂ ಪೆಟ್ಟಿಗೆಯಿಂದ ತೆಗೆದಿಲ್ಲ. ಇಲ್ಲಿ ಇಂಥ ಹುಚ್ಚಿನವರು ಸೇರೋ ಗುಂಪು ಇದ್ಯಾ? ಮೀನು ಸುಡೋಕೆ ನಂಗೆ ಬರಲ್ಲ, ನಗ್ತಾರೇನೋ ಅಂತ ಅಳುಕು.

ಉತ್ತರ:

ಇದೆ. ನಂಗೆ ಗೊತ್ತಿರೋದೇ ಮೂರು. ಹೆಸರಿಲ್ಲ, ಬೋರ್ಡಿಲ್ಲ, ಚಂದಾ ಇಲ್ಲ, ಅದಕ್ಕೇ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ನಗೋ ವಿಷಯ ಹೇಳ್ತೀನಿ ಕೇಳಿ. ನಾನು ಶಿರಸಿ ಸೀಮೆಯ ಹವ್ಯಕರ ಮನೆಯವ, ಹುಟ್ಟಿದಾಗಿನಿಂದ ಮೀನು ಬಾಯಿಗಿಟ್ಟವನಲ್ಲ. ಆದ್ರೂ ಎಂಟು ವರ್ಷದಿಂದ ತಿಂಗಳಿಗೆ ಎರಡು ಭಾನುವಾರ ಕಾಳಿ ಸೇತುವೆ ದಾಟಿ ಸದಾಶಿವಗಡದ ಕಡೆಯ ಒಂದು ತೆಂಗಿನ ತೋಟಕ್ಕೆ ಹೋಗಿ, ಬಂಗಡೆ ಸುಡೋರ ಮಧ್ಯ ಕೂತು ಬರ್ತೀನಿ. ನನ್ನಂಥವನನ್ನೇ ಇಟ್ಕೊಂಡಿದಾರೆ ಮಾರಾಯ್ರೆ, ನಿಮ್ಮನ್ನ ಬೇಡ ಅಂತಾರಾ?

ಹುಡುಕೋದು ಹೇಗೆ ಅಂದ್ರೆ, ಭಾನುವಾರ ಬೆಳಿಗ್ಗೆ ಮೀನು ಮಾರುಕಟ್ಟೆಗೆ ಹೋಗಿ. ಬಂಗಡೆ ಆರಿಸಿ ಕೊಟ್ಟ ಮೇಲೆ ಮೀನು ಮಾರೋ ಅಕ್ಕ, ಸಾರಿಗಾ, ಹುರಿಯೋಕಾ ಅಂತ ಕೇಳ್ತಾಳೆ. 'ಸುಡೋಕೆ' ಅನ್ನಿ. ಆಗ ಅವಳು ತಲೆ ತೆಗೆಯಲ್ಲ, ತುಂಡು ಮಾಡಲ್ಲ, ಕಿವಿರು ಮತ್ತು ಹೊಟ್ಟೆ ಮಾತ್ರ ಚೊಕ್ಕ ಮಾಡಿ ಇಡೀ ಮೀನು ಕೊಡ್ತಾಳೆ. ಕೊಡುವಾಗ 'ಎಲ್ಲಿ ಸುಡ್ತೀರಿ, ಯಾರ್ ಜೊತೆ?' ಅಂತ ಕೇಳದೆ ಬಿಡೋದಿಲ್ಲ. ಯಾರೂ ಇಲ್ಲ ಅಂತ ಹೇಳಿ. ಊರಲ್ಲಿ ಯಾರ ಅಂಗಳದಲ್ಲಿ ಯಾವಾಗ ಹೊಗೆ ಏಳುತ್ತೆ ಅನ್ನೋದು ಅವಳಿಗೆ ಗೊತ್ತಿರುತ್ತೆ, ಅವರೆಲ್ಲ ಮೀನು ಒಯ್ಯೋದು ಅಲ್ಲಿಂದ್ಲೇ ಅಲ್ವಾ. ನಮ್ಮ ಗುಂಪಿಗೆ ಕೊನೆಗೆ ಸೇರಿದ ಇಬ್ಬರೂ ಬಂದಿದ್ದು ಇದೇ ದಾರಿಯಲ್ಲಿ. ಒಬ್ಬರು ಕೈಗಾದಲ್ಲಿ ಕೆಲಸ ಮಾಡೋರು, ಇನ್ನೊಬ್ಬರು ಹೈಸ್ಕೂಲ್ ಮೇಷ್ಟ್ರು.

ನನ್ನನ್ನ ಮಾತ್ರ ಆಫೀಸಿನ ಗೆಳೆಯ ಎಳ್ಕೊಂಡು ಹೋಗಿದ್ದ. ಮೊದಲ ದಿನ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಗಾಳಿ ಯಾವ ಕಡೆಯಿಂದ ಬರುತ್ತೆ ನೋಡ್ಕೊಂಡು, ಕೂತಿದ್ದೆ. ಗುಂಪಿನ ಹಿರಿಯರು ಒಂದು ಕಾಲದಲ್ಲಿ ಬೈತಖೋಲ ಬಂದರಿನ ಬೋಟಿನಲ್ಲಿದ್ದವರು, ಎಲ್ಲರಿಗೂ ಮಾಮಾ. ನನ್ನ ಅವಸ್ಥೆ ನೋಡಿ, 'ಭಟ್ರೇ, ಹೋಮ ಮಾಡೋ ಜನ ನೀವು, ಬೆಂಕಿ ನಿಮ್ದು' ಅಂತ ಅಡಿಕೆ ಹಾಳೆಯ ಬೀಸಣಿಗೆ ಕೈಗೆ ಕೊಟ್ರು. ಹೋಮ ನಾನೆಲ್ಲಿ ಮಾಡಿದ್ದೆ? ಆದ್ರೆ ಬಚ್ಚಲ ಒಲೆ ಮುಂದೆ ಕೂತು ಬೆಳೆದವ. ಅಡಿಕೆ ಬೇಯಿಸೋ ಹಂಡೆಯ ಬುಡಕ್ಕೆ ರಾತ್ರಿಯಿಡೀ ಕಟ್ಟಿಗೆ ತಳ್ಳಿದವ. ಬೆಂಕಿ ನೋಡ್ಕೊಳ್ಳೋದು ಅಷ್ಟರ ಮಟ್ಟಿಗೆ ಬರ್ತಿತ್ತು. ಮುಂದಿನ ಸಲ ಹೋಗುವಾಗ ಚೀಲದಲ್ಲಿ ನಾಲ್ಕು ಬದನೆಕಾಯಿ ಇಟ್ಕೊಂಡು ಹೋದೆ.

ಬದನೆಕಾಯಿ ಸುಡೋದನ್ನ ಅವರು ನೋಡದೇ ಇದ್ದವರಲ್ಲ. ಆದ್ರೆ ನಮ್ಮನೆ ಕ್ರಮ ಬೇರೆ. ಎಣ್ಣೆ ಸವರಿ, ಚಾಕುವಿನ ತುದಿಯಿಂದ ಎರಡು ಕಡೆ ಚುಚ್ಚಿ, ಜಾಲರಿ ಮೇಲಲ್ಲ, ನೇರ ಕೆಂಡದ ಮೈಮೇಲೆ ಮಲಗಿಸೋದು. ಚುಚ್ಚದಿದ್ರೆ ಹಬೆ ಕಟ್ಟಿ ಢಬ್ ಅಂತ ಒಡೆಯುತ್ತೆ. ಸಿಪ್ಪೆ ಕರಕಲಾಗಿ ಬಿರುಕು ಬಿಡುತ್ತೆ, ಬಿರುಕಿನಿಂದ ರಸ ಉಕ್ಕಿ ಕೆಂಡಕ್ಕೆ ಬಿದ್ದು ಚುಂಯ್ ಅನ್ನುತ್ತೆ. ಆದ್ರೂ ತೆಗೀಬಾರದು. ತೊಟ್ಟಿನ ಬುಡ ಒತ್ತಿದ್ರೆ ಬೆರಳು ಒಳಗೆ ಇಳೀಬೇಕು. ತೊಟ್ಟು ಗಟ್ಟಿ ಇದ್ರೆ ಹೊಟ್ಟೆ ಬೆಂದಿದ್ರೂ ಲೆಕ್ಕಕ್ಕಿಲ್ಲ ಅಂತಿದ್ಲು ಆಯಿ. ಸಿಪ್ಪೆ ಸುಲಿದು, ಹಸಿಮೆಣಸು ಉಪ್ಪು ಕಿವುಚಿ, ಹುಣಸೆ ರಸ ಹಿಂಡಿ, ಮೇಲೊಂದು ತೆಂಗಿನೆಣ್ಣೆ ಒಗ್ಗರಣೆ. ಮಾಮಾ ಮೀನು ಬದಿಗಿಟ್ಟು ಎರಡು ಸಲ ಹಾಕಿಸ್ಕೊಂಡ್ರು. ಅವತ್ತಿನಿಂದ ನಂಗೊಂದು ಜಾಲರಿ ಬೇರೆ, ಕೆಂಡ ಮಾತ್ರ ಎಲ್ಲರದ್ದೂ ಒಂದೇ.

ಇನ್ನು ಮೀನು ಬರಲ್ಲ ಅಂದ್ರಲ್ಲ. ತಿನ್ನದಿದ್ರೂ ಎಂಟು ವರ್ಷ ಪಕ್ಕದಲ್ಲೇ ನಿಂತು ನೋಡಿದೀನಿ. ಕೆಡೋದು ಯಾವಾಗ್ಲೂ ಮೂರು ಕಡೆ. ಒಂದು, ಇದ್ದಲು ಹೊತ್ತಿದ ಕೂಡ್ಲೇ ಉರಿ ಮೇಲೆ ಇಡೋದು. ಉರಿ ಇಳಿದು, ಕೆಂಡದ ಮೇಲೆ ಬಿಳೀ ಬೂದಿ ಹೂವಿನ ಹಾಗೆ ಕೂರಬೇಕು, ಅಲ್ಲಿವರೆಗೆ ಕೈ ಕಟ್ಟಿ ಕೂತ್ಕೊಳ್ಳಿ. ಜಾಲರಿಗಿಂತ ಒಂದು ಗೇಣು ಮೇಲೆ ಅಂಗೈ ಹಿಡೀರಿ. ಎರಡೋ ಮೂರೋ ಎಣಿಸೋದ್ರೊಳಗೆ ಕೈ ಎಳೆದುಕೊಂಡ್ರೆ ಜೋರು ಶಾಖ, ಐದಾರು ಎಣಿಸೋವರೆಗೆ ತಡೆದ್ರೆ ಹದ. ಕೆಂಡ ಎಲ್ಲಾ ಒಂದು ಬದಿಗೆ ಸರಿಸಿ ಇನ್ನೊಂದು ಬದಿ ಖಾಲಿ ಬಿಟ್ಟಿದ್ರೆ, ಸೀಯೋಕೆ ಶುರುವಾದದ್ದನ್ನ ಆ ಕಡೆ ತಳ್ಳಬಹುದು. ಎರಡು, ಒದ್ದೆ ಮೀನು. ಬಟ್ಟೆಯಲ್ಲಿ ಒತ್ತಿ ಒರೆಸಿ, ಎಣ್ಣೆ ಸವರಿ, ಕಾದ ಜಾಲರಿ ಮೇಲಿಟ್ಟು, ಮುಟ್ಟದೆ ಬಿಡಬೇಕು. ಚರ್ಮ ಗರಿ ಆದ ಮೇಲೆ ಮೀನು ತಾನಾಗೇ ಬಿಟ್ಕೊಡುತ್ತೆ. ಎತ್ತಿದಾಗ ಹಿಡ್ಕೊಂಡಿದೆ ಅಂದ್ರೆ ಇನ್ನೂ ಆಗಿಲ್ಲ ಅಂತ ಅರ್ಥ. ಹೊಸಬರು ಇಕ್ಕಳ ಹಿಡಿದು ನಿಮಿಷಕ್ಕೊಮ್ಮೆ ಕೆದಕಿ ಕೆದಕಿ ಕೊನೆಗೆ ಮುಳ್ಳು ಮಾತ್ರ ಎತ್ತುತ್ತಾರೆ. ಮೂರು, ಮಸಾಲೆ. ಬ್ಯಾಡಗಿ ಮೆಣಸಿನ ಮಸಾಲೆ ಹೊರಗೆ ದಪ್ಪಗೆ ಮೆತ್ತಿದ್ರೆ ಮೀನು ಬೇಯೋ ಮೊದಲೇ ಅದು ಕಪ್ಪಾಗಿ ಕಹಿ ಆಗುತ್ತೆ. ನಮ್ಮಲ್ಲಿ ಹೊರಗೆ ಉಪ್ಪು ಅರಿಶಿನ ಅಷ್ಟೇ. ಮಸಾಲೆ, ಮುರುಗಲು ಹುಳಿ, ಜಜ್ಜಿದ ಎರಡು ತೆಪ್ಪಲ (ಕಾಳುಮೆಣಸಿನ ಹಾಗಿರೋ ಘಾಟಿನ ಕಾಯಿ) ಎಲ್ಲಾ ಮೀನಿನ ಮೈಗೆ ಚಾಕುವಿನಿಂದ ಎಳೆದ ಗೀರಿನೊಳಗೆ. ಪೂರ್ತಿ ಮಸಾಲೆ ಬೇಕೇ ಬೇಕು ಅನ್ನೋರಿಗೆ ಸುತ್ತಿ ಸುಡೋಕೆ ಬಾಳೆಎಲೆ ಇದೆ. ಬಳಚು, ಅಂದ್ರೆ ಚಿಪ್ಪಿನ ಮೀನು, ಇನ್ನೂ ಸುಲಭ, ಜಾಲರಿ ಮೇಲೆ ಹರಡಿದ್ರೆ ತಾವಾಗೇ ಬಾಯಿ ಬಿಡ್ತವೆ. ಬಾಯಿ ಬಿಡದೇ ಇದ್ದದ್ದನ್ನ ಬಿಸಾಕಿ, ಒಡೆದು ತಿನ್ನೋ ಸಾಹಸ ಬೇಡ.

ಸೌದೆಗೆ ಇಲ್ಲಿ ಬರ ಇಲ್ಲ. ತೆಂಗಿನ ಗರಟೆ, ಗಾಳಿ ಮರದ ಕೊಂಟೆ, ಎರಡೂ ಒಳ್ಳೇ ಕೆಂಡ ಕೊಡ್ತವೆ. ಕಡಲ ದಂಡೆಯಲ್ಲಿ ಸುಂಯ್ ಅನ್ನೋ ಈ ಗಾಳಿ ಮರ ನಮ್ಮ ದೇಶದ್ದೇ ಅಂದ್ಕೊಂಡಿದ್ದೆ ನಾನು. ನೋಡಿದ್ರೆ ಸೌದೆಗೆ ಅಂತ 1868ರಲ್ಲಿ ಕಾರವಾರ ಸೀಮೆಯಲ್ಲೇ ಮೊದಲು ತಂದು ನೆಟ್ಟಿದ್ದಂತೆ. ಹೊತ್ತಿಸೋಕೆ ತೆಂಗಿನ ಸಿಪ್ಪೆಯ ನಾರು ಸಾಕು, ಸೀಮೆಎಣ್ಣೆ ಸುರಿದ್ರೆ ಮಾಮಾ ಎದ್ದು ಮನೆಗೆ ಹೋಗ್ತಾರೆ. ಗೋಡಂಬಿ ಕಾರ್ಖಾನೆಯ ಗೇರು ಸಿಪ್ಪೆ ಧಗಧಗ ಉರಿಯುತ್ತೆ ಅಂತ ಆಸೆಪಟ್ಟು ತರಬೇಡಿ. ಅದರ ಎಣ್ಣೆ ಮೈಗೆ ತಾಗಿದ್ರೆ ಬೊಬ್ಬೆ, ಹೊಗೆ ಕಣ್ಣಿಗೆ ಉರಿ.

ನಿಮ್ಮ ದುಂಡನೆ ಗ್ರಿಲ್ ಬಗ್ಗೆ ಒಂದು ಮಾತು. ಕೈಗಾದವರು ಅಂಥದ್ದೇ ಒಂದನ್ನ ಮೊದಲ ಸಲ ತಂದಾಗ ಮಾಮಾ ಸುತ್ತು ಹೊಡೆದು ನೋಡಿ, 'ಇದು ಬೋಯಾ ಅಲ್ವಾ? ಎಲ್ಲಿ ಕದ್ರಿ?' ಅಂದ್ರು. ಬಂದರಿನಲ್ಲಿ ಬೋಟಿಗೆ ದಾರಿ ತೋರಿಸೋಕೆ ನೀರಲ್ಲಿ ತೇಲಿಬಿಟ್ಟಿರ್ತಾರಲ್ಲ, ಆ ಕಬ್ಬಿಣದ ಬುರುಡೆ. ಎಲ್ಲರೂ ನಕ್ವಿ. ಆಮೇಲೆ ಓದಿದ್ರೆ ಮಾಮಾ ಹೇಳಿದ್ದೇ ಸರಿ! 1952ರಲ್ಲಿ ಅಮೆರಿಕದ ಷಿಕಾಗೊದಲ್ಲಿ ವೆಬರ್ ಅನ್ನೋ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್, ಅಲ್ಲಿ ತಯಾರಾಗ್ತಿದ್ದ ಬೋಯಾದ ಎರಡು ಹೋಳನ್ನೇ ತಗೊಂಡು, ಕೆಳಗಿನದಕ್ಕೆ ಕಾಲು, ಮೇಲಿನದಕ್ಕೆ ಹಿಡಿ ಹಾಕಿ ಈ ಗ್ರಿಲ್ ಮಾಡಿದ್ದು. ಗಾಳಿ ಮಳೆಗೆ ಬೆಂಕಿ ಆರಬಾರದು ಅನ್ನೋದು ಅವನ ತಲೆನೋವು. ಕಡಲಗಾಳಿ ಬೀಸೋ ನಮ್ಮೂರಿಗೆ ಇದಕ್ಕಿಂತ ಹೇಳಿ ಮಾಡಿಸಿದ್ದು ಇಲ್ಲ. ಪೆಟ್ಟಿಗೆ ಬಿಚ್ಚಿ, ತನ್ನಿ. ಕೋಳಿ ಸುಡೋ ಆಸೆ ಇದ್ರೆ ಮುಚ್ಚಳ ಹಾಕಿ ಸುಡಿ, ತೊಡೆಯ ದಪ್ಪ ಭಾಗದಲ್ಲಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟೋವರೆಗೆ ಕಾಯಬೇಕು ಅಂತ ಕೈಗಾದವರು ಥರ್ಮಾಮೀಟರ್ ಚುಚ್ಚಿ ನೋಡ್ತಾರೆ. ಮೀನಿಗೆ ಆ ತೊಂದರೆ ಇಲ್ಲ.

ಎಲ್ಲಿ ಸುಡ್ತೀರಿ ಅನ್ನೋದು ಮಾತ್ರ ನಗೋ ಮಾತಲ್ಲ. ಹೊಸಬರಿಗೆ ಕಡಲ ದಂಡೆ ಅಂದ್ರೆ ಆಸೆ. ನಾವೂ ಮೊದಲು ಅಲ್ಲೇ ಸುಡ್ತಿದ್ವಿ. ಒಂದು ಫೆಬ್ರವರಿ ರಾತ್ರಿ ಊಟ ಮುಗಿಸಿ, ಉಳಿದ ಕೆಂಡದ ಮೇಲೆ ಎರಡು ಬುಟ್ಟಿ ಮರಳು ಎಳೆದು ಬಂದ್ವಿ. ಆರಿತು ಅಂದ್ಕೊಂಡ್ವಿ. ಮರಳಿನ ಕೆಳಗೆ ಕೆಂಡ ಆರಲ್ಲ, ಹೊದ್ಕೊಂಡು ಮಲಗುತ್ತೆ ಅಷ್ಟೇ. ಬೆಳಿಗ್ಗೆ ರಂಪಣಿ ಬಲೆ ಎಳೆಯೋಕೆ ಬಂದವರ ಜೊತೆ ಓಡ್ತಾ ಬಂದ ಹತ್ತು ವರ್ಷದ ಹುಡುಗ ಅದರ ಮೇಲೆ ಕಾಲಿಟ್ಟ. ಮೇಲೆ ನೋಡಿದ್ರೆ ಬರೀ ಮರಳು, ಹೊಗೆ ಕೂಡ ಇರಲಿಲ್ಲ. ಪಾದದ ಚರ್ಮ ಸುಲಿದು ಹೋಗಿತ್ತು. ಮಾಮಾ ನಮ್ಮೆಲ್ಲರನ್ನ ಸಾಲಾಗಿ ಅವನ ಮನೆಗೆ ಕರ್ಕೊಂಡು ಹೋಗಿ ನಿಲ್ಲಿಸಿದ್ರು. ಆಸ್ಪತ್ರೆ ಖರ್ಚು ನಾವೇ ಕೊಟ್ವಿ, ಅದು ದೊಡ್ಡ ಮಾತಲ್ಲ. ಅವನ ಆಯಿ ಒಂದು ಮಾತೂ ಬೈಯದೆ ಚಾ ಕೊಟ್ಟಳು ನೋಡಿ, ಅದನ್ನ ಕುಡಿಯೋದೇ ಕಷ್ಟ ಆಗಿದ್ದು.

ಅವತ್ತಿಂದ ದಂಡೆಯಲ್ಲಿ ಬೆಂಕಿ ಬಂದ್. ಅದೂ ಅಲ್ದೆ ಚಳಿಗಾಲದಿಂದ ಬೇಸಿಗೆ ಶುರುವಿನವರೆಗೆ ಇಲ್ಲಿನ ಮರಳಿಗೆ ಕಡಲಾಮೆ ಮೊಟ್ಟೆ ಇಡೋಕೆ ಬರ್ತವೆ, ಬೆಳಕು ಕಂಡ್ರೆ ಮರಿಗಳು ನೀರಿನ ದಾರಿ ತಪ್ತವೆ. ಬಿಣಗಾ, ಅರ್ಗಾ ಕಡೆ ನೌಕಾನೆಲೆ, ಆ ಕಡೆ ಯೋಚನೆನೂ ಬೇಡ. ತೋಟದಲ್ಲಿ ಸುಟ್ಟ ಮೇಲೆ ಕೆಂಡಕ್ಕೆ ನೀರು ಸುರಿದು, ಕೋಲಿನಿಂದ ತಿರುವಿ, ಮತ್ತೆ ಸುರಿದು, ಬೂದಿ ತಣ್ಣಗಾಗಿದೆ ಅಂತ ಕೈಯಲ್ಲೇ ನೋಡಿ ತಗಡಿನ ಡಬ್ಬಿಗೆ ತುಂಬೋದು. ಈ ಕೆಲಸಕ್ಕೆ ಯಾರೂ ಮುಂದೆ ಬರಲ್ಲ. ನೀವು ಬನ್ನಿ. ಎರಡು ಸಲ ಆ ಡಬ್ಬಿ ಹೊತ್ತರೆ ಸಾಕು, ಮೂರನೇ ಸಲ ನಿಮ್ಮನ್ನ ಬಿಟ್ಟು ದಿನ ಗೊತ್ತು ಮಾಡಲ್ಲ.

ಖರ್ಚು ಹಂಚಿಕೊಳ್ತೀವಿ, ಅವತ್ತೇ ಲೆಕ್ಕ ಚುಕ್ತಾ. ಮಾಜಾಳಿ ಗೇಟಿನ ಆಚೆಯ, ಅಂದ್ರೆ ಗೋವಾದ, ಬಾಟಲಿ ತರಬೇಡಿ, ಗುಂಪಿನಲ್ಲಿ ಹೆಂಗಸರು ಮಕ್ಕಳು ಎಲ್ಲಾ ಇರ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಕುಮಟಾ ಕಡೆ ಹೋದವರು ಹೆದ್ದಾರಿ ಪಕ್ಕ ಜಡೆ ಹೆಣೆದು ನೇತುಹಾಕಿರೋ ಸಿಹಿ ಈರುಳ್ಳಿ ತರ್ತಾರೆ, ಸಿಪ್ಪೆ ಸಮೇತ ಬೂದಿಯಲ್ಲಿ ಹೂತಿಟ್ರೆ ಬೆಲ್ಲದ ಹಾಗೆ ಆಗುತ್ತೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯಲ್ಲ. ಆಗ ಮೀನು ತಿನ್ನೋರಿಗೆ ಒಣ ಬಂಗಡೆ ಸುಟ್ಟು ಗಂಜಿ ಜೊತೆ, ನಂಗೆ ಹಲಸಿನ ಬೇಳೆ. ತುದಿ ಕೊಯ್ದು ಕೆಂಡಕ್ಕೆ ಹಾಕಿ, ಇಲ್ಲದಿದ್ರೆ ಪಟಾಕಿ. ಮಳೆ ಅಂತ ಕೆಂಡ ಮಾತ್ರ ಕೋಣೆಯೊಳಗೆ ತರಬೇಡಿ, ಅದರಿಂದ ಏಳೋ ವಿಷಗಾಳಿಗೆ ವಾಸನೆ ಇಲ್ಲ, ಮಲಗಿದಲ್ಲೇ ಜೀವ ಹೋಗುತ್ತೆ. ನಾಲ್ಕೂ ಕಡೆ ತೆರೆದಿರೋ ಮಾಡಿನ ಕೆಳಗೇ ಕೂರೋದು.

ಮೊದಲ ದಿನ ಏನು ತರಲಿ ಅಂತ ಕೇಳೇ ಕೇಳ್ತೀರಿ. ಮೀನು ಬೇಡ, ಅದು ಇಲ್ಲಿನವರಿಗೇ ಬಿಡಿ. ನಿಮ್ಮ ಕಡೆ ಮೆಕ್ಕೆಜೋಳದ ಹಸಿ ತೆನೆ ಬರೋ ಹೊತ್ತಿಗೆ ಊರಿಗೆ ಹೋಗೋದಿದ್ರೆ ಒಂದು ಚೀಲ ತೆನೆ, ಅರ್ಧ ಕಿಲೋ ದಾವಣಗೆರೆ ಬೆಣ್ಣೆ ತನ್ನಿ. ಕೆಂಡ ನಾನು ಮಾಡಿಟ್ಟಿರ್ತೀನಿ.